ಪಿನ್ನಣ್ಣನ ಮೂರು ಹ್ಞೂಂ

ದರ್ಜಿಯ ಬಾಯಲ್ಲಿ ಎಂಟು ಗುಂಡುಪಿನ್ನುಗಳಿದ್ದವು. ಆಗ ಅವನ ಮಗಳು ಬಂದು ಏನೋ ಹೇಳಿದಳು. ಅವನು ಮೂರು ಸಲ ಹ್ಞೂಂ ಅಂದ. ಆ ಶನಿವಾರದ ಫಜೀತಿಯೆಲ್ಲ ಹುಟ್ಟಿದ್ದು ಇಷ್ಟರಿಂದಲೇ.

ಪಿನ್ನು ಬಾಯಲ್ಲಿಟ್ಟುಕೊಳ್ಳುವುದು ಅವನಿಗೆ ಕೆಲಸ ಕಲಿಸಿದವರಿಂದ ಬಂದ ಅಭ್ಯಾಸ. ಮೇಜಿನ ಮೇಲಿಟ್ಟರೆ ಉರುಳಿಹೋಗುತ್ತವೆ, ಅಂಗಿಗೆ ಚುಚ್ಚಿಕೊಂಡರೆ ಮರೆತುಹೋಗುತ್ತವೆ. ತುಟಿಗಳ ನಡುವೆ ಹಿಡಿದರೆ ಬೇಕಾದಾಗ ಒಂದೊಂದೇ ಕೈಗೆ ಬರುತ್ತವೆ. ಬೀದಿಯವರೆಲ್ಲ ಅವನನ್ನು ಪಿನ್ನಣ್ಣ ಅಂತಲೇ ಕರೆಯುತ್ತಿದ್ದರು. ಬಾಯಲ್ಲಿ ಪಿನ್ನು ಇರುವಷ್ಟು ಹೊತ್ತು ಅವನಿಗೆ ಬರುತ್ತಿದ್ದ ಮಾತು ಹ್ಞೂಂ ಒಂದೇ. ಉಹುಂ ಅನ್ನಬೇಕೆಂದರೆ ಜೊತೆಗೆ ತಲೆ ಅಲ್ಲಾಡಿಸಬೇಕು, ತಲೆ ಅಲ್ಲಾಡಿಸಿದರೆ ಪಿನ್ನು ತುಟಿಗೆ ಚುಚ್ಚುತ್ತದೆ. ಹಾಗಾಗಿ ಇಪ್ಪತ್ತು ವರ್ಷದಿಂದ ಆ ಅಂಗಡಿಯಲ್ಲಿ ಉಹುಂ ಅನ್ನುವ ಮಾತು ಕೇಳಿದವರಿಲ್ಲ.

ಇದರಿಂದಾಗಿ ಅವನ ಬಾಳಿನ ಕೆಲವು ಸಂಗತಿಗಳು ಹೇಗೆ ನಡೆದವು ಅನ್ನುವುದು ಅವನಿಗೇ ತಿಳಿದಿರಲಿಲ್ಲ. ಮನೆಗೆ ಗಿಳಿಹಸಿರು ಬಣ್ಣ ಬಳಿದಿತ್ತು. ಅವನಿಗೆ ಹಸಿರು ಕಂಡರಾಗದು. ಹೆಂಡತಿಯ ತಾಯಿ ಎಂಟು ದಿನ ಇದ್ದು ಹೋಗುತ್ತೇನೆಂದು ಬಂದವರು ಹನ್ನೊಂದು ವರ್ಷದಿಂದ ಮಹಡಿಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಬೀದಿಯ ಸಂಘಕ್ಕೆ ಅವನು ಕಾರ್ಯದರ್ಶಿಯಾಗಿದ್ದ, ಒಂದು ಸಭೆಗೂ ಹೋದ ನೆನಪಿರಲಿಲ್ಲ. ಇದೆಲ್ಲ ಯಾವಾಗ ಆಯ್ತು ಅಂತ ಹೆಂಡತಿಯನ್ನು ಕೇಳಿದರೆ, ನೀವೇ ಹ್ಞೂಂ ಅಂದ್ರಲ್ಲ ಅನ್ನುತ್ತಿದ್ದಳು. ಅವನು ಆಡಿದ ಮಾತಿಗೆ ತಪ್ಪುವವನಲ್ಲ. ಅಂದಿರಬೇಕು, ಅಂದ ಮೇಲೆ ಮುಗಿಯಿತು, ಅಂತ ಮತ್ತೆ ಮಿಷನ್ ತುಳಿಯುತ್ತಿದ್ದ.

ಆ ಬೆಳಿಗ್ಗೆ ಅವನ ಮುಂದಿನ ಸ್ಟೂಲಿನ ಮೇಲೆ ಪಕ್ಕದ ಕ್ಷೌರದಂಗಡಿಯವನು ನಿಂತಿದ್ದ. ಅವನ ಹೊಸ ಪ್ಯಾಂಟು ನೆಲ ಗುಡಿಸುವಷ್ಟು ಉದ್ದವಿತ್ತು. ಎಡಗಾಲಿನ ಅಂಚು ಮಡಿಸಿ ಪಿನ್ನು ಚುಚ್ಚಿ ಆಗಿತ್ತು, ಬಲಗಾಲು ಬಾಕಿ. ಕೈಗೆ ತಲೆ ಸಿಕ್ಕಲಿ ಸಿಕ್ಕದಿರಲಿ, ಕ್ಷೌರದಂಗಡಿಯವನ ಮಾತು ನಿಲ್ಲುವುದಿಲ್ಲ. ಮೇಲಿನ ಬೀದಿಗೆ ನೀರು ಬಂದು ನಮಗೆ ಬಾರದಿರುವ ವಿಚಾರವನ್ನು ಅವನು ಬುಡದಿಂದ ಬಿಡಿಸಿ ಹೇಳುತ್ತಿದ್ದ. ಅಷ್ಟರಲ್ಲಿ ಮಗಳು ಹಾಕಿ ಕೋಲು ಹೆಗಲಿಗೇರಿಸಿಕೊಂಡು ಬಂದಳು. ಹನ್ನೆರಡು ವರ್ಷದವಳು, ನಿಂತಲ್ಲಿ ನಿಂತು ಮಾತಾಡಿ ಗೊತ್ತಿಲ್ಲ. ಕ್ಷೌರದಂಗಡಿಯವನ ನೀರಿನ ಮಧ್ಯೆ ಅವಳ ಮಾತು ಮುಳುಗಿ ಏಳುತ್ತಿತ್ತು. ಪಿನ್ನಣ್ಣನ ಕಿವಿಗೆ ಬಿದ್ದದ್ದು ನಾಲ್ಕು ಗಂಟೆ ಅನ್ನುವುದು, ಗೋಲು ಕಾಯುವುದು ಅನ್ನುವುದು, ಪ್ಯಾಡು ಹೆಲ್ಮೆಟ್ಟು ಅನ್ನುವುದು, ಆಮೇಲೆ, ಇಲ್ಲದಿದ್ದರೆ ನಾನು ಹೊರಗೆ ಕೂತಿರಬೇಕು ಅನ್ನುವುದು. ಒಮ್ಮೆ ಹ್ಞೂಂ ಅಂದ. ಇನ್ನೊಮ್ಮೆ ಅಂದ.

"ಖಂಡಿತಾ ತಾನೇ ಅಪ್ಪಾ? ಕೋಚ್ ಮೇಡಂಗೆ ಹೇಳಿಬಿಡ್ಲಾ?"

"ಹ್ಞೂಂ."

ಹುಡುಗಿಯ ಮುಖ ಅರಳಿದ್ದು ನೋಡಿಯೇ ಅವನಿಗೆ ಅನುಮಾನ ಬಂತು. ಇಷ್ಟು ಸಂತೋಷಪಡುವಂಥ ಯಾವುದಕ್ಕೆ ತಾನು ಒಪ್ಪಿಕೊಂಡೆ? ಎಂಟೂ ಪಿನ್ನುಗಳನ್ನು ಅಂಗೈಗೆ ಉಗುಳಿ ಬಾಗಿಲಿಗೆ ಬರುವ ಹೊತ್ತಿಗೆ ಅವಳು ಬೀದಿಯ ತಿರುವು ದಾಟಿದ್ದಳು.

ಕೊಟ್ಟ ಮಾತು ಏನೆಂದು ಗೊತ್ತಿಲ್ಲದೆ ಅವನು ಒದ್ದಾಡಲು ಕಾರಣವಿತ್ತು. ಹೋದ ವರ್ಷ ಇದೇ ಹುಡುಗಿ ಬೂಟಿನ ಅಟ್ಟೆ ಬಿಟ್ಟಿದೆ, ಹೊಲಿದುಕೊಡು ಅಂದಿದ್ದಳು. ಆಗಲೂ ಬಾಯಲ್ಲಿ ಪಿನ್ನು, ಆಗಲೂ ಹ್ಞೂಂ. ಆಟದ ದಿನ ಅವಳು ಆ ಬೂಟಿಗೆ ದಾರ ಸುತ್ತಿಕೊಂಡು ಓಡಿದಳು, ದಾರ ಕಾಲಿಗೆ ತೊಡರಿ ಬಿದ್ದಳು. ಅಲ್ಲಿಂದ ಇಡೀ ವರ್ಷ ಅಂಕಣದ ಹೊರಗಿನ ಬೆಂಚೇ ಅವಳಿಗೆ ಗತಿಯಾಯಿತು. ಅಪ್ಪನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅವನಿಗೂ ಹಗುರವಾಗುತ್ತಿತ್ತು. ಆ ದಾರವನ್ನು ಅವನು ಅಳತೆ ಟೇಪು ತೂಗುಹಾಕುವ ಮೊಳೆಗೇ ಸುತ್ತಿಟ್ಟಿದ್ದ. ಟೇಪು ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳಲಿ ಅಂತ.

ಈಗ ಅವನು ಕ್ಷೌರದಂಗಡಿಯವನ ಕಡೆ ತಿರುಗಿ, ನನ್ನ ಮಗಳು ಏನಂದಳು ಅಂತ ಕೇಳಿದ. ಸ್ಟೂಲಿನ ಮೇಲಿನಿಂದ ಉತ್ತರ ಕೋರ್ಟಿನಲ್ಲಿ ಸಾಕ್ಷಿ ನುಡಿದ ಹಾಗೆ ಬಂತು.

"ಏನಂತೀಯಾ ಮಾರಾಯ, ಸ್ಪಷ್ಟವಾಗಿ ಹೇಳಿದ್ಲಲ್ಲ. ಇವತ್ತು ನಾಲ್ಕು ಗಂಟೆಗೆ ಅವಳನ್ನ ಗೋಲು ಕಾಯೋಕೆ ನಿಲ್ಲಿಸ್ತಾರಂತೆ. ಸಾಮಾನೆಲ್ಲ ಮನೆಯಿಂದ ತರಬೇಕಂತೆ. ತರದಿದ್ರೆ ಹೊರಗೆ ಕೂರಿಸ್ತಾರಂತೆ. ನನ್ನ ಕಿವಿ ಏನು ಸುಮ್ನೆ ಇದೆಯಾ?"

ಕ್ಷೌರದಂಗಡಿಯವನ ಕಿವಿ ಸುಮ್ಮನೆಯೇ ಇತ್ತು. ಅವನಿಗೂ ಕೇಳಿದ್ದು ಆ ನಾಲ್ಕು ತುಂಡುಗಳೇ. ಒಬ್ಬನಿಗೆ ಮಾತಾಡಿ ಅಭ್ಯಾಸವಿಲ್ಲ, ಇನ್ನೊಬ್ಬನಿಗೆ ಕೇಳಿಸಿಕೊಂಡು ಅಭ್ಯಾಸವಿಲ್ಲ. ಇಬ್ಬರೂ ಸೇರಿ ತುಂಡಿಗೆ ತುಂಡು ಜೋಡಿಸಿ ಪೂರಾ ಅಂಗಿ ಹೊಲಿದುಬಿಟ್ಟರು.

ಹುಡುಗಿಗೆ ಫೋನು ಮಾಡೋಣವೆಂದರೆ ಶಾಲೆಯಲ್ಲಿ ಫೋನು ಇಟ್ಟುಕೊಳ್ಳಲು ಬಿಡುವುದಿಲ್ಲ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು, ಸಂಜೆ ಐದರವರೆಗೆ ಅವಳ ಫೋನು ಬೀರುವಿನೊಳಗೆ. ಸಿಕ್ಕಿದ್ದರೂ ಕೇಳುವ ಧೈರ್ಯ ಅವನಿಗಿರಲಿಲ್ಲ. ಕೊನೆಗೆ ಮಹಡಿಯ ಕಿಟಕಿಯ ಕೆಳಗೆ ನಿಂತು ಅತ್ತೆಯನ್ನು ಕೇಳಿದ, ಮಗು ನಿಮ್ಮ ಹತ್ತಿರ ಏನಾದರೂ ಹೇಳಿತಾ ಅಂತ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ನೀವು ಹ್ಞೂಂ ಅಂದ್ರಾ ಅಳಿಯಂದ್ರೇ?"

"ಅಂದೆ ಅನ್ಸುತ್ತೆ."

"ಅಂದ ಮೇಲೆ ಮಾಡಬೇಕಲ್ಲ," ಅಂದು ಅತ್ತೆ ಮುಂದಿನ ಕಾಯಿಗೆ ಕೈ ಹಾಕಿದರು. ಅವರ ತುಟಿಯ ಮೂಲೆಯಲ್ಲಿ ಏನೋ ಇತ್ತು. ಅದು ನಗುವೋ ಕಾಳಿನ ಸಿಪ್ಪೆಯೋ ಕೆಳಗಿನಿಂದ ತಿಳಿಯಲಿಲ್ಲ.

ಪಿನ್ನಣ್ಣನಿಗೆ ಒಂದು ವಿಷಯ ಬಗೆಹರಿಯಲೇ ಇಲ್ಲ. ತನ್ನ ಮಗಳು ಗೋಲು ಹೊಡೆಯುವವಳು, ಅವಳನ್ನು ಗೋಲು ಕಾಯಲು ಯಾಕೆ ಹಾಕಿದರು? ಇದಕ್ಕೆ ಎದುರುಮನೆಯ ಡ್ರಿಲ್ ಮೇಷ್ಟ್ರು ಸಮಾಧಾನ ಹೇಳಿದರು. ಅವರು ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು, ಕುತ್ತಿಗೆಯ ಸೀಟಿ ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ. ಹೊಡೆಯುವವರು ತಂಡದಲ್ಲಿ ಐದಾರು ಜನ ಇರುತ್ತಾರೆ, ಕಾಯುವವರು ಒಬ್ಬರೇ, ಹಾಗಾಗಿ ಇದು ಬಡ್ತಿ ಕಣಯ್ಯಾ, ಅಂದರು. ಕೇಳಿ ಪಿನ್ನಣ್ಣನಿಗೆ ಹೆಮ್ಮೆಯಾಯಿತು. ಆ ಹೆಮ್ಮೆಯ ಬೆನ್ನಿಗೇ ಭಯ ಬಂತು. ಹಾಕಿ ಚೆಂಡು ಕಲ್ಲಿನ ಹಾಗಿರುತ್ತದೆ, ಮುಖಕ್ಕೆ ಬಿದ್ದರೆ ಹಲ್ಲು, ಮಂಡಿಗೆ ಬಿದ್ದರೆ ಚಿಪ್ಪು, ಅಂತ ಮೇಷ್ಟ್ರು ತಮ್ಮ ಕಾಲದಲ್ಲಿ ಯಾರಿಗೆ ಎಲ್ಲೆಲ್ಲಿ ಬಿತ್ತು ಅನ್ನುವುದನ್ನು ವರ್ಷದ ಸಮೇತ ಹೇಳಿದರು. ಗಡಿಯಾರದಲ್ಲಿ ಹತ್ತೂವರೆ.

ಪೇಟೆಯ ಆಟದ ಸಾಮಾನಿನ ಅಂಗಡಿಗೆ ಹೋದರೆ ಬಾಗಿಲಿಗೆ ಚೀಟಿ ಅಂಟಿಸಿತ್ತು: ಮಾಲೀಕರ ಮಗನ ಪಂದ್ಯ ಇರುವ ಕಾರಣ ಇಂದು ರಜೆ. ಪಿನ್ನಣ್ಣ ಆ ಚೀಟಿಯನ್ನು ಎರಡು ಸಲ ಓದಿದ. ಊರಿನಲ್ಲಿ ಎಲ್ಲ ಅಪ್ಪಂದಿರಿಗೂ ತಾವೇನು ಒಪ್ಪಿಕೊಂಡಿದ್ದೇವೆ ಅಂತ ಗೊತ್ತಿದೆ, ತನಗೊಬ್ಬನಿಗೆ ಇಲ್ಲ.

ವಾಪಸು ಬಂದವನು ಕತ್ತರಿ ಕೈಗೆತ್ತಿಕೊಂಡ. ಕತ್ತರಿ ಹಿಡಿದಾಗ ಅವನು ಬೇರೆ ಮನುಷ್ಯ. ಒಳಗಿದ್ದ ಹಳೆಯ ಸೋಫಾದ ಮೂರು ದಿಂಬು ಎಳೆದು ತಂದು ಸ್ಪಂಜು ಬಿಡಿಸಿದ. ಕ್ಯಾನ್ವಾಸ್ ಬಟ್ಟೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆಯಲು ಬಗ್ಗಿದಾಗ ತಡವಾಗಿ ಹೊಳೆಯಿತು: ಅಳತೆ ಇಲ್ಲ. ಮಗಳು ಬೆಳೆಯುವ ವಯಸ್ಸಿನವಳು, ಹೋದ ತಿಂಗಳ ಅಳತೆ ಈ ತಿಂಗಳಿಗೆ ಆಗದು. ಅಳತೆಯಿಲ್ಲದೆ ಬಟ್ಟೆ ಕತ್ತರಿಸುವುದು ಅವನ ಕುಲದಲ್ಲೇ ಇಲ್ಲ. ದರ್ಜಿಗಳಿಗೆ ಇಂಥ ಹೊತ್ತಿನಲ್ಲಿ ಇರುವ ದಾರಿ ಒಂದೇ. ದೊಡ್ಡದಾಗಿ ಹೊಲಿ, ಮೈಮೇಲೆ ಹಾಕಿ ನೋಡಿ ಒಳಗೆ ಹಿಡಿ. ದೊಡ್ಡದನ್ನು ಚಿಕ್ಕದು ಮಾಡಬಹುದು, ಚಿಕ್ಕದನ್ನು ದೊಡ್ಡದು ಮಾಡಲು ಬರುವುದಿಲ್ಲ. ಹಾಗಂದುಕೊಂಡು ಟೇಪನ್ನು ತನ್ನ ಮೈಗೇ ಸುತ್ತಿದ. ಎದೆ ಅಳೆದ, ಸೊಂಟ ಅಳೆದ, ಮಂಡಿಯಿಂದ ಪಾದದವರೆಗೆ ಅಳೆದ. ಮೈದಾನದಲ್ಲೇ ಮಗಳ ಮೈಮೇಲೆ ಕಚ್ಚಾ ಹೊಲಿಗೆ ಹಾಕಿ ಬಿಗಿ ಮಾಡಿದರಾಯಿತು.

ಎರಡು ಗಂಟೆಯ ಹೊತ್ತಿಗೆ ಎದೆಗೊಂದು, ಕಾಲಿಗೆರಡು ಸಿದ್ಧವಾದವು. ಎದೆಯದಕ್ಕೆ ಸೋಫಾದ ಹೂವಿನ ಬಟ್ಟೆಯೇ ಹೊದಿಕೆ, ಬೇರೆ ಗಟ್ಟಿ ಬಟ್ಟೆ ಮನೆಯಲ್ಲಿರಲಿಲ್ಲ. ನಡುನಡುವೆ ಕ್ಷೌರದಂಗಡಿಯವನು ಬಂದು ತನ್ನ ಬಲಗಾಲಿನ ಅಂಚು ಕೇಳುತ್ತಿದ್ದ. ಎಡಗಾಲು ಮೇಲೆ, ಬಲಗಾಲು ಕೆಳಗೆ, ಹೀಗೇ ಬೆಳಗಿನಿಂದ ನಾಲ್ಕು ಗಿರಾಕಿಗಳ ತಲೆ ಕತ್ತರಿಸಿದ್ದೇನೆ, ಎಲ್ಲರೂ ಕನ್ನಡಿಯಲ್ಲಿ ತಮ್ಮ ತಲೆ ಬಿಟ್ಟು ನನ್ನ ಕಾಲು ನೋಡುತ್ತಾರೆ, ಅಂತ ಅವನ ದೂರು.

ಹೆಲ್ಮೆಟ್ಟಿನ ಜವಾಬ್ದಾರಿಯನ್ನು ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ ವಹಿಸಿಕೊಂಡ. ಅವನಿಗೆ ಯಾರೂ ವಹಿಸಿರಲಿಲ್ಲ. ತನ್ನ ಬೈಕಿನ ಹೆಲ್ಮೆಟ್ಟು ತಂದ. ಅದರ ಮುಂದಿನ ಗಾಜು ಚೆಂಡಿಗೆ ಪುಡಿಯಾಗುತ್ತದೆ ಅಂದರು ಮೇಷ್ಟ್ರು. ಮೆಕ್ಯಾನಿಕ್ ಒಂದು ಕ್ಷಣ ಯೋಚಿಸಿ, ಗಾಜು ಕಿತ್ತು, ಗ್ಯಾರೇಜಿನಲ್ಲಿ ಕೆಟ್ಟು ಕೂತಿದ್ದ ಟೇಬಲ್ ಫ್ಯಾನಿನ ಮುಂದಿನ ಜಾಲರಿಯನ್ನು ತಂದು ನಾಲ್ಕು ಬೋಲ್ಟು ಬಿಗಿದ. ತಲೆಗೆ ಹಾಕಿಕೊಂಡರೆ ಯಾರೇ ಆಗಲಿ, ಒಂದು ನಂಬರಿಗೆ ಇಟ್ಟರೆ ಗಾಳಿ ಬೀಸುತ್ತಾರೆ ಅನ್ನುವ ಹಾಗೆ ಕಾಣುತ್ತಿದ್ದರು. ಹುಡುಗಿಯ ತಲೆಗೆ ದೊಡ್ಡದಾಗುವುದಿಲ್ಲವೇ ಅಂದರೆ, ಒಳಗೆ ಬಟ್ಟೆ ತುರುಕಣ್ಣಾ, ನಿನ್ನ ಅಂಗಡೀಲಿ ಚಿಂದಿಗೆ ಬರವಾ, ಅಂದ. ಜೊತೆಗೆ ವೆಲ್ಡಿಂಗ್ ಮಾಡುವ ಚರ್ಮದ ಕೈಗವಸುಗಳನ್ನೂ ಕೊಟ್ಟ. ಅವು ಮೊಣಕೈವರೆಗೆ ಬರುತ್ತಿದ್ದವು, ಬೆರಳುಗಳು ಬಾಳೆಹಣ್ಣಿನ ಚಿಪ್ಪಿನ ಹಾಗಿದ್ದವು.

ಉಳಿದದ್ದು ಹಲ್ಲು. ಬಿಳಿ ಕೋಟಿನ ಗುಂಡಿ ಹಾಕಿಸಿಕೊಳ್ಳಲು ಬಂದಿದ್ದ ಹಲ್ಲಿನ ಆಸ್ಪತ್ರೆಯ ನರ್ಸಮ್ಮ ವಿಷಯ ಕೇಳಿ ಸುಮ್ಮನೆ ಹೋಗುವವರಲ್ಲ. ಅರ್ಧ ಗಂಟೆಯಲ್ಲಿ ಒಂದು ಹಲ್ಲಿನ ಕವಚ ತಂದುಕೊಟ್ಟರು. ರಬ್ಬರಿನ ಹಾಗೆ ಮೆತ್ತಗಿರುವ, ಕುದುರೆ ಲಾಳದ ಆಕಾರದ ವಸ್ತು. ಬಿಸಿನೀರಿನಲ್ಲಿ ಅದ್ದಬೇಕು, ಮೆತ್ತಗಾದ ಕೂಡಲೇ ಬಾಯಿಗಿಟ್ಟು ಕಚ್ಚಬೇಕು, ಯಾರು ಕಚ್ಚುತ್ತಾರೋ ಅವರ ಹಲ್ಲಿನ ಅಚ್ಚು ಬೀಳುತ್ತದೆ, ಅಂತ ವಿವರಿಸಿದರು. ಪಿನ್ನಣ್ಣ ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡ. ನೀರು ಕುದಿಸಿ ಅದ್ದಿದ. ಆಮೇಲೆ ಅವನಿಗೆ ಒಂದು ಚಿಂತೆ ಹತ್ತಿತು: ಇಷ್ಟು ಬಿಸಿ ಮಗಳ ಬಾಯಿಗೆ ತಡೆಯುತ್ತದೆಯೇ? ಇಸ್ತ್ರಿಪೆಟ್ಟಿಗೆಯ ಬಿಸಿಯನ್ನು ಬೆರಳಿಗೆ ಉಗುಳು ಹಚ್ಚಿ ನೋಡುವವನು, ಇದನ್ನು ತನ್ನ ಬಾಯಲ್ಲೇ ಇಟ್ಟು ನೋಡಿದ. ಸಾಲದ್ದಕ್ಕೆ ಕಚ್ಚಿದ.

"ಕಚ್ಚಿದ್ರಾ?" ಅಂದರು ನರ್ಸಮ್ಮ.

"ಹ್ಞೂಂ."

"ಇನ್ನೇನು, ಅದು ನಿಮ್ಮದೇ ಆಯ್ತು."

ಬೇರೆ ಇರಲಿಲ್ಲ. ಮತ್ತೆ ಕುದಿಯುವ ನೀರಿಗೆ ಹಾಕಿದರೆ ಇನ್ನೊಂದು ಸಲ ಮೆತ್ತಗಾಗುತ್ತದೆ, ಅಲ್ಲೇ ಮಗಳಿಗೆ ಕಚ್ಚಿಸಿ ಅಂತ ಅವರೇ ದಾರಿ ತೋರಿಸಿ, ಒಂದು ಫ್ಲಾಸ್ಕಿನಲ್ಲಿ ಕುದಿನೀರು ತುಂಬಿ ಮೇಷ್ಟ್ರ ಕೈಗೆ ಕೊಟ್ಟರು.

ಮೂರೂ ಮುಕ್ಕಾಲು. ಮೈದಾನ ಊರಾಚೆ. ಮೆಕ್ಯಾನಿಕ್‌ನ ಬೈಕಿನಲ್ಲಿ ಮೂವರು ಹೊರಟರು, ಮುಂದೆ ಮೆಕ್ಯಾನಿಕ್, ನಡುವೆ ಪಿನ್ನಣ್ಣ, ಹಿಂದೆ ಫ್ಲಾಸ್ಕು ಹಿಡಿದ ಮೇಷ್ಟ್ರು. ಸಾಮಾನಿನ ಗಂಟಿಗೆ ಜಾಗವೇ ಇಲ್ಲ. ಹೊತ್ತುಕೊಂಡು ಹೋಗಲು ಆಗದ್ದನ್ನು ತೊಟ್ಟುಕೊಂಡು ಹೋಗು ಅಂದರು ಮೇಷ್ಟ್ರು. ಪಿನ್ನಣ್ಣ ತೊಟ್ಟುಕೊಂಡ. ಕಾಲಿಗೆ ಕಾಲಿನದು, ಎದೆಗೆ ಹೂವಿನ ಸೋಫಾ, ಕೈಗೆ ಕೈಯದು, ತಲೆಗೆ ಫ್ಯಾನು. ಹಲ್ಲಿನ ಕವಚ ಇಡಲು ಕೈಗೆಟಕುವ ಜೇಬು ಉಳಿದಿರಲಿಲ್ಲ. ಧೂಳು ಕೂರದ ಜಾಗ ಒಂದೇ, ಹಾಗಾಗಿ ನರ್ಸಮ್ಮನೇ ಅದನ್ನು ಜಾಲರಿಯ ಕೆಳಗಿನಿಂದ ಅವನ ಬಾಯಿಗಿಟ್ಟರು. ಕ್ಷೌರದಂಗಡಿಯವನು ಅಂಗಡಿಗೆ ಬೀಗ ಹಾಕಿ, ಒಂದು ಕಾಲು ಉದ್ದ ಒಂದು ಕಾಲು ಗಿಡ್ಡ ಪ್ಯಾಂಟಿನಲ್ಲೇ ಸೈಕಲ್ಲು ಹತ್ತಿದ. ಕಿಟಕಿಯಿಂದ ಅತ್ತೆ, ಹೋಗಿಬನ್ನಿ ಅಳಿಯಂದ್ರೇ, ಅಂದರು. ಫ್ಯಾನಿನೊಳಗೆ ಇರುವುದು ಯಾರು ಅಂತ ಅವರು ಕೇಳಲಿಲ್ಲ. ಅದೇ ಅವನಿಗೆ ವಿಚಿತ್ರವೆನಿಸಿತು.

ಮೈದಾನದಲ್ಲಿ ಹದಿನಾರು ಹುಡುಗಿಯರು ಸಾಲಾಗಿ ನಿಂತಿದ್ದರು. ಕೋಚ್ ಮೇಡಂ ಕುಳ್ಳಗಿನ ಹೆಂಗಸು, ಗಡಿಯಾರ ನೋಡುತ್ತ ಅತ್ತಿಂದಿತ್ತ ಓಡಾಡುತ್ತಿದ್ದರು. ಬೈಕಿನಿಂದ ಇಳಿದು ಬರುತ್ತಿದ್ದ ಆಕೃತಿಯನ್ನು ಕಂಡು ಒಂದು ಗಳಿಗೆ ಹಿಂದೆ ಸರಿದರು. ಆಮೇಲೆ ಓಡಿಬಂದು ಅವನ ವೆಲ್ಡಿಂಗ್ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಸಾರ್, ಹನ್ನೆರಡು ವರ್ಷದಿಂದ ಕೋಚಿಂಗ್ ಮಾಡ್ತಿದೀನಿ. ಒಪ್ಕೊಂಡು, ಹೇಳಿದ ಟೈಮಿಗೆ, ಇಷ್ಟು ತಯಾರಾಗಿ ಬಂದ ತಂದೆ ನೀವೊಬ್ರೇ."

ಪಿನ್ನಣ್ಣ ಮಗಳ ಕಡೆ ಕೈ ತೋರಿಸಿದ, ತನ್ನ ಎದೆ ತೋರಿಸಿದ, ಬಿಚ್ಚಿಕೊಡಬೇಕು ಅನ್ನುವುದನ್ನು ಕೈಯಲ್ಲೇ ಅಭಿನಯಿಸಿದ. ನೋಡಿದವರಿಗೆ ಅವನು ಮೈ ಬಿಸಿ ಮಾಡಿಕೊಳ್ಳುತ್ತಿರುವ ಹಾಗೆ ಕಂಡಿತು. ಮಗಳು ಬಂದು ಕೈಹಿಡಿದು ಗೋಲಿನ ಕಡೆ ಕರೆದುಕೊಂಡು ಹೊರಟಳು. ದಾರಿಯಲ್ಲಿ ಅವಳು ಹೇಳಿದ್ದು ಅವನಿಗೆ ಹೊಸದು, ಅವಳ ಮಟ್ಟಿಗೆ ಬೆಳಿಗ್ಗೆ ಹೇಳಿದ್ದೇ. ಇವತ್ತು ಐದು ಗಂಟೆಗೆ ಪಂದ್ಯ. ಅದಕ್ಕೆ ಮೊದಲು ಮೇಡಂ ಆಡುವವರನ್ನು ಆರಿಸುತ್ತಾರೆ. ಒಬ್ಬೊಬ್ಬರಿಗೆ ಐದು ಚೆಂಡು, ಮೂರು ಗೋಲು ಹೊಡೆದವರು ಒಳಗೆ. ತಂಡದಲ್ಲಿ ಗೋಲು ಕಾಯುವವಳನ್ನು ಈಗಲೇ ದಣಿಸುವ ಹಾಗಿಲ್ಲ. ಅದಕ್ಕೆ ಸರದಿಯ ಪ್ರಕಾರ ಒಬ್ಬ ಹುಡುಗಿ ತನ್ನ ಮನೆಯಿಂದ ದೊಡ್ಡವರೊಬ್ಬರನ್ನು ಕರೆತಂದು ನಿಲ್ಲಿಸಬೇಕು. ಕರೆತರದವಳು ಆ ದಿನ ಹೊರಗೆ.

"ಯಾರ ಅಪ್ಪಂದಿರೂ ಒಪ್ಪಲ್ಲ ಅಪ್ಪಾ. ಒಬ್ರಿಗೆ ಬೆನ್ನು, ಒಬ್ರಿಗೆ ಮೀಟಿಂಗು. ಪ್ಯಾಡು ಹೆಲ್ಮೆಟ್ಟು ಎಲ್ಲಾ ಇಲ್ಲೇ ಕೊಡ್ತಾರೆ, ನೀನು ಬಂದು ನಿಂತ್ರೆ ಸಾಕು ಅಂದಿದ್ನಲ್ಲ. ನೀನು ನೋಡಿದ್ರೆ ಎಲ್ಲಾ ಹೊಲ್ಕೊಂಡೇ ಬಂದಿದೀಯ."

ಗೋಲಿನ ಕಂಬಕ್ಕೆ ಒಂದು ಜೊತೆ ಒಳ್ಳೆಯ ಪ್ಯಾಡು, ಒಂದು ಹೆಲ್ಮೆಟ್ಟು ಒರಗಿಸಿಟ್ಟಿತ್ತು. ಪಿನ್ನಣ್ಣ ಜಾಲರಿಯೊಳಗಿನಿಂದ ಅದನ್ನು ನೋಡಿದ. ಆಮೇಲೆ ತನ್ನ ಮೈ ನೋಡಿಕೊಂಡ. ಬೆಳಗಿನಿಂದ ಮಗಳಿಗೆಂದು ಹೊಲಿದದ್ದರಲ್ಲಿ ಒಂದೇ ಒಂದು ಕಡೆ ಒಳಗೆ ಹಿಡಿಯುವ ಅಗತ್ಯವಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಹೊಲಿದ ಯಾವ ಬಟ್ಟೆಯೂ ಮೊದಲ ಸಲಕ್ಕೇ ಇಷ್ಟು ಸರಿಯಾಗಿ ಕೂತಿರಲಿಲ್ಲ. ಹಲ್ಲಿನ ಅಚ್ಚು ಸಹ.

ಸೀಟಿ ಕೂಗಿತು. ಮೊದಲ ಹುಡುಗಿಯ ಚೆಂಡು ಬಂದದ್ದು ಅವನಿಗೆ ಕಾಣಲೇ ಇಲ್ಲ, ಎದೆಯ ಹೂವಿಗೆ ಬಡಿದು ವಾಪಸು ಹೋದದ್ದು ಮಾತ್ರ ಗೊತ್ತಾಯಿತು. ಅವನು ಹಿಡಿಯಲು ಹೋಗಲಿಲ್ಲ, ಓಡಲೂ ಆಗಲಿಲ್ಲ. ಆದರೆ ಅವನ ಅಗಲ ಎಷ್ಟಿತ್ತೆಂದರೆ ಹೊಡೆದ ಚೆಂಡು ಎಲ್ಲಾದರೂ ಒಂದು ಕಡೆ ತಗಲುತ್ತಿತ್ತು. ಗೋಲಿನ ಬಾಯಿಗೆ ಯಾರೋ ಬೀರು ತಂದಿಟ್ಟ ಹಾಗಿತ್ತು. ಕೆಲವರು ಕಾಲ ಸಂದಿಯಲ್ಲಿ ತೂರಿಸಿ ಗೆದ್ದರು, ಕೆಲವರು ಕಣ್ಣೊರೆಸಿಕೊಂಡು ಹೋದರು. ಗೆರೆಯಾಚೆ ಕ್ಷೌರದಂಗಡಿಯವನು ಪ್ರತಿ ಚೆಂಡಿಗೂ ವಿವರಣೆ ಕೊಡುತ್ತಿದ್ದ. ಮೇಷ್ಟ್ರು ಸೀಟಿ ಊದಬಾರದ ಕಡೆಯೆಲ್ಲ ಊದಿ ಮೇಡಂ ಕೈಯಲ್ಲಿ ಬೈಸಿಕೊಂಡರು.

ಕೊನೆಗೆ ಮಗಳ ಸರದಿ. ಒಂದು ವರ್ಷ ಬೆಂಚಿನ ಮೇಲೆ ಕೂತವಳು. ಮೊಳೆಯ ಮೇಲಿನ ದಾರ ಪಿನ್ನಣ್ಣನ ಕಣ್ಣೆದುರು ಬಂತು. ಇವಳ ಚೆಂಡಿಗೆ ತಾನು ಅಡ್ಡ ಬರಕೂಡದು ಅಂದುಕೊಂಡ. ಅವಳು ಬಲಕ್ಕೆ ಹೊಡೆಯುವ ಹಾಗೆ ಕಂಡಿತು, ಅವನು ಎಡಕ್ಕೆ ಜರುಗಿದ. ಅವಳು ಹೊಡೆದದ್ದು ಎಡಕ್ಕೆ. ಚೆಂಡು ಕಾಲಿಗೆ ಬಡಿಯಿತು. ಎರಡನೆಯದಕ್ಕೆ ಎಡ ಅಂದುಕೊಂಡು ಬಲಕ್ಕೆ ಉರುಳಿಯೇಬಿಟ್ಟ. ಅದೂ ಬಂದು ಬೆನ್ನಿಗೆ ಬಿತ್ತು. ಸಾಲಿನಲ್ಲಿದ್ದವರು ಗುಸುಗುಸು ನಕ್ಕರು. ಉಳಿದದ್ದು ಮೂರೇ ಚೆಂಡು, ಮೂರೂ ಗೋಲಾಗಬೇಕು.

ಹುಡುಗಿ ಕೋಲು ಊರಿಕೊಂಡು ಹತ್ತಿರ ಬಂದಳು. ಅವನನ್ನು ಎಬ್ಬಿಸಿ ನಿಲ್ಲಿಸಿ, ಜಾಲರಿಗೆ ಮುಖ ತಂದು ಮೆಲ್ಲಗೆ ಹೇಳಿದಳು.

"ಅಪ್ಪಾ, ನನಗೋಸ್ಕರ ಜರುಗಬೇಡ. ಸುಮ್ನೆ ನಿಂತ್ಕೋ. ನಾನು ಹೊಡೀತೀನಿ."

ಅವನು ನಿಂತ. ಕಣ್ಣು ಮುಚ್ಚಿಕೊಂಡು, ಕಂಬದ ಹಾಗೆ ನಿಂತ. ಎಡಗಿವಿಯ ಪಕ್ಕ ಒಂದು ಸುಯ್ಯೆಂದಿತು. ಬಲ ಮಂಡಿಯ ಪಕ್ಕ ಒಂದು. ಮೂರನೆಯದು ಎಲ್ಲಿ ಹೋಯಿತೋ ಅವನಿಗೆ ತಿಳಿಯಲಿಲ್ಲ, ಹಿಂದಿನ ಹಲಗೆ ಟಕ್ ಅಂದದ್ದು ಕೇಳಿಸಿತು. ಕಣ್ಣು ಬಿಟ್ಟಾಗ ಅವಳು ಕೋಲು ಮೇಲೆತ್ತಿಕೊಂಡು ಮೈದಾನದ ಉದ್ದಕ್ಕೂ ಓಡುತ್ತಿದ್ದಳು. ಜಾಲರಿಯೊಳಗೆ ಪಿನ್ನಣ್ಣನ ಕಣ್ಣು ತುಂಬಿತು, ಒರೆಸಿಕೊಳ್ಳಲು ಕೈಗವಸು ಬಿಡಲಿಲ್ಲ.

ಪಂದ್ಯ ಒಂದಕ್ಕೊಂದು ಸಮವಾಯಿತು. ಆ ಒಂದು ಅವಳದೇ. ಪಿನ್ನಣ್ಣ ಅದನ್ನು ಬೆಂಚಿನ ಮೇಲೆ ಕೂತು ಜಾಲರಿಯ ಮೂಲಕವೇ ನೋಡಿದ. ಅವನಿಗೆ ಹೆಲ್ಮೆಟ್ಟು ತೆಗೆಯಲು ಬಂದಿರಲಿಲ್ಲ. ಮೆಕ್ಯಾನಿಕ್ ಬಿಗಿದ ಬೋಲ್ಟು ಕಿವಿಯ ಮೇಲೆ ಒತ್ತಿತ್ತು. ಅದನ್ನು ಬಿಚ್ಚುವ ಪಾನೆ ತರಲು ಮೆಕ್ಯಾನಿಕ್ ಗ್ಯಾರೇಜಿಗೆ ಹೋಗಿದ್ದ. ಅದೇ ಹೊತ್ತಿಗೆ ಕೋಚ್ ಮೇಡಂ ಒಂದು ಪುಸ್ತಕ ಹಿಡಿದು ಬಂದರು. ಪೀಪಿಯ ಸದ್ದು, ಹುಡುಗಿಯರ ಕೇಕೆ, ಹೆಲ್ಮೆಟ್ಟಿನೊಳಗೆ ಕಿವಿ ಮಡಚಿಕೊಂಡ ನೋವು, ಈ ನಡುವೆ ಅವರು ಏನೋ ಕೇಳಿದರು. ಪಿನ್ನಣ್ಣನಿಗೆ ಈ ಸಲ ಬುದ್ಧಿ ಇತ್ತು. ಏನೇ ಇರಲಿ ಉಹುಂ ಅನ್ನಬೇಕೆಂದು ತಲೆ ಅಲ್ಲಾಡಿಸಿದ. ತಲೆ ಅಲ್ಲಾಡಿತು, ಹೆಲ್ಮೆಟ್ಟು ಅಲ್ಲಾಡಲಿಲ್ಲ. ಬಾಯಿಂದ ಹೊರಟ ಸದ್ದು ಹಲ್ಲಿನ ಕವಚ ದಾಟಿ ಬರುವಾಗ ಅದರ ಪೂರ್ವಾರ್ಧ ಒಳಗೇ ಉಳಿಯಿತು.

"ಹ್ಞೂಂ."

ಮೇಡಂ ಬರೆದುಕೊಂಡರು. ತುಂಬಾ ಥ್ಯಾಂಕ್ಸ್ ಸಾರ್, ಅಂದರು.

ಪಾನೆ ಬಂದು ಬೋಲ್ಟು ಕಳಚಿದರೂ ತಲೆ ಬರಲಿಲ್ಲ. ಕ್ಷೌರದಂಗಡಿಯವನು ಪಕ್ಕದ ನಲ್ಲಿಯಲ್ಲಿ ಸೋಪು ನೊರೆ ಮಾಡಿ ಎರಡೂ ಕಿವಿಗೆ ಬಳಿದು, ಗಡ್ಡ ಮಾಡುವ ಗಿರಾಕಿಗೆ ಹೇಳುವ ಹಾಗೆ ಅಲ್ಲಾಡಬೇಡ ಅಂದು, ಒಂದೇ ಎಳೆತಕ್ಕೆ ತೆಗೆದ. ಹಾಗೆ ತೆಗೆದವನು ತನ್ನ ಬಲಗಾಲು ತೋರಿಸಿ, ಇದೊಂದು ನೆನಪಿರಲಿ ಅಂದ.

ಅಪ್ಪ ಮಗಳು ನಡೆದುಕೊಂಡೇ ಮನೆಗೆ ಹೊರಟರು. ಅರ್ಧ ದಾರಿಗೆ ಪಿನ್ನಣ್ಣ ಕೇಳಿದ.

"ಮೇಡಂ ಏನೋ ಬರ್ಕೊಂಡ್ರಲ್ಲ ಮಗಾ, ನಾನು ಏನಕ್ಕೆ ಒಪ್ಕೊಂಡೆ?"

"ಪ್ರತಿ ಶನಿವಾರ ನೀನೇ ಗೋಲು ಕಾಯೋದಕ್ಕೆ. ಈ ವರ್ಷ ಪೂರ್ತಿ."

"ನಾನು ಉಹುಂ ಅಂದೆ."

"ಕೇಳಿಸಲಿಲ್ಲ ಅಪ್ಪಾ." ಅವಳು ಕೋಲಿನ ತುದಿಯಿಂದ ಒಂದು ಕಲ್ಲು ತಳ್ಳುತ್ತ ನಡೆದಳು. ಆಮೇಲೆ ಅವಳಿಗೇ ತಡೆಯಲಾಗಲಿಲ್ಲ. "ಬಾಯಲ್ಲಿ ಏನಾದ್ರೂ ಇರುವಾಗಲೇ ಕೇಳಿ ಅಂತ ಮೇಡಂಗೆ ನಾನೇ ಹೇಳ್ದೆ. ಬೆಳಿಗ್ಗೆ ನಾನೂ ಬಾಗಿಲ ಹಿಂದೆ ನಿಂತಿದ್ದೆ, ನೀನು ಪಿನ್ನು ಇಟ್ಕೊಳ್ಳೋವರೆಗೂ. ಅಮ್ಮ ಹೇಳಿಕೊಟ್ಟಿದ್ದು. ಅಮ್ಮನಿಗೆ ಅಜ್ಜಿ ಹೇಳಿಕೊಟ್ಟಿದ್ದಂತೆ, ನಮ್ಮನೆಗೆ ಬಂದ ಎರಡನೇ ದಿನ."

ಪಿನ್ನಣ್ಣ ಬೀದಿಯ ತಿರುವಿನಲ್ಲಿ ನಿಂತುಬಿಟ್ಟ. ಎದುರಿಗೆ ಮನೆ ಕಾಣುತ್ತಿತ್ತು, ಸಂಜೆ ಬಿಸಿಲಿಗೆ ಇನ್ನಷ್ಟು ಹಸಿರಾಗಿ. ಮಹಡಿಯ ಕಿಟಕಿಯಲ್ಲಿ ಅತ್ತೆ. ಗೇಟಿಗೆ ತೂಗುಹಾಕಿದ ಹಲಗೆ: ಕಾರ್ಯದರ್ಶಿಗಳು. ಹದಿನೈದು ವರ್ಷದ ಸಂಸಾರ ಅವನ ಕಣ್ಣೆದುರು ಒಮ್ಮೆಲೇ ಹೊಲಿಗೆ ಬಿಚ್ಚಿಕೊಂಡಿತು. ಯಾವ ದಾರ ಎಲ್ಲಿಂದ ಎಲ್ಲಿಗೆ ಹೋಗಿತ್ತು ಅನ್ನುವುದೆಲ್ಲ ಕಂಡಿತು.

ಇವತ್ತು ಮಾತಾಡಿಬಿಡಬೇಕು ಅಂತ ನಿರ್ಧರಿಸಿದ. ಬಾಯಿ ಖಾಲಿ ಇದೆ. ಪಿನ್ನಿಲ್ಲ, ಕವಚವಿಲ್ಲ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಸಾಲಾಗಿ ಜೋಡಿಸಿಕೊಂಡ. ಬಣ್ಣದ್ದು ಮೊದಲು, ಸಂಘದ್ದು ಆಮೇಲೆ, ಎಂಟು ದಿನದ ವಿಚಾರ ಕೊನೆಗೆ. ನೇರ ಅಡುಗೆಮನೆಗೆ ನುಗ್ಗಿದ. ಹೆಂಡತಿ ಕೆಲಸದಿಂದ ಬಂದು ಒಲೆಯ ಮುಂದೆ ನಿಂತಿದ್ದಳು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಪಿನ್ನಣ್ಣ ಬಾಯಿ ತೆರೆದ.

"ಬಂದ್ರಾ? ಒಳ್ಳೇ ಹೊತ್ತಿಗೆ ಬಂದ್ರಿ, ಉಪ್ಪು ನೋಡಿ," ಅಂದು ಹೆಂಡತಿ ಆವಿಯಾಡುವ ಒಂದು ದೊಡ್ಡ ಚಮಚ ತರಕಾರಿಯನ್ನು ಆ ತೆರೆದ ಬಾಯಿಗಿಟ್ಟಳು. "ಹಾಗೇ, ನನ್ನ ಚಿಕ್ಕಮ್ಮ ಎಂಟು ದಿನ ಇದ್ದು ಹೋಗ್ತೀನಿ ಅಂತಿದಾರೆ. ಬರಲಿ ಅಲ್ವಾ?"

"ಹ್ಞೂಂ."

ಅದಕ್ಕೆ ಉಪ್ಪೇ ಹಾಕಿರಲಿಲ್ಲ ಅನ್ನುವುದು ಅವನಿಗೆ ಗೊತ್ತಾದದ್ದು ನುಂಗಿದ ಮೇಲೆ.